ಎರಡು ಸಲ ಹೊಯ್ದ ಮಾಳಿಗೆ

ಹೊಳನಗದ್ದೆಯ ದುರ್ಗತ್ತೆಯದು ಹೊಸ ಕಾಂಕ್ರೀಟಿಗೆ ನೀರುಣಿಸುವ ಕೆಲಸ. ೨೦೦೨ರಲ್ಲಿ ಕಂತ್ರಾಟುದಾರ ಶ್ರೀಧರ ಕುಮಟೆಯ ಒಂದು ಮನೆಗೆ ಕಲ್ಲಿದ್ದಲು ಸುಟ್ಟ ಹಾರುಬೂದಿ ಬೆರೆಸಿದ ಸಿಮೆಂಟು ತಂದು, ನೀರುಣಿಸಲು ದುರ್ಗತ್ತೆಯನ್ನು ಕರೆದ. ಅದು ನಿಧಾನವಾಗಿ ಗಟ್ಟಿಯಾಗುವುದರಿಂದ ಮಾಳಿಗೆಯ ಮೇಲೆ ಎರಡು ವಾರ ನೀರು ನಿಲ್ಲಬೇಕು. ಮನೆಯವರಿಗೆ ಕೊಬ್ಬರಿ ಒಣಗಿಸಲು ಜಾಗ ಬೇಕಿತ್ತೆಂದು ಶ್ರೀಧರ ಐದನೆಯ ದಿನವೇ ನೀರು ತಡೆದಿದ್ದ ಮಣ್ಣಿನ ಕಟ್ಟೆ ಒಡೆಸಿ ನೀರು ಬಿಡಿಸಿದ. ಮಾಳಿಗೆ ಬಿರುಕುಬಿಟ್ಟಿತು. ದುರ್ಗತ್ತೆ ನೀರೇ ಹಾಕಲಿಲ್ಲವೆಂದು ಅವನು ಎಲ್ಲರೆದುರು ಹೇಳಿ, ಮಾಳಿಗೆ ಒಡೆದು ಮತ್ತೆ ಹೊಯ್ಸಿದ. ಆಮೇಲೆ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಮೂರು ವರ್ಷದ ನಂತರ, ಬೂದಿ ಬೆರೆಸಿದ ಈ ಸಿಮೆಂಟಿನಿಂದ ಸಿಮೆಂಟು ಕಾರ್ಖಾನೆಯ ಕಲ್ಲಿದ್ದಲಿನ ಹೊಗೆ ಎಷ್ಟು ಕಡಿಮೆಯಾಗುತ್ತದೆಂದು ಅಳೆಯಲು ಕಾಲೇಜಿನ ಸುಷ್ಮಾ ಮೇಡಂ ಬಂದರು. ಶ್ರೀಧರ ಹೆಮ್ಮೆಯಿಂದ ಅದೇ ಮನೆಯನ್ನು ತೋರಿಸಿದ. ಸುದ್ದಿ ಕೇಳಿದ ದುರ್ಗತ್ತೆ ಅಲ್ಲಿಗೆ ಹೋದಳು.

"ಎಂತ ಬರೀತ್ರಿ ಅಕ್ಕೋರೆ? ಇದು ಎರಡು ಸಲ ಹೊಯ್ದ ಮಾಳಿಗೆ. ಎರಡರ ಹೊಗೆಯೂ ಬರ್ಕಳಿ."

"ನೀರು ಹಾಕೋಳಿಗೆ ಹೊಗೆ ಲೆಕ್ಕ ಎಂತಕ್ಕೆ?" ಎಂದು ಶ್ರೀಧರ ನಕ್ಕ.

"ನೀರು ಹಾಕಿದ್ದೆ ಅಂತ ಹೇಳೂಕೇ ಬಂದದ್ದು. ಕೊಬ್ರಿ ಒಣಗ್ಸೂಕೆ ಕಟ್ಟೆ ಒಡ್ಸಿದ್ದು ಯಾರು ಒಡೆಯಾ?"

ಅವಳು ಮೇಡಂ ಅವರನ್ನು ಬಾವಿಯ ಹಿಂದೆ ಕರೆದೊಯ್ದು, ಒಡೆದ ಮಾಳಿಗೆಯ ತುಂಡುಗಳನ್ನು ತೋರಿಸಿದಳು. ಕಟ್ಟೆ ಒಡೆಸಿದ್ದು ಶ್ರೀಧರನೇ ಹೌದೆಂದು ಮನೆಯ ಯಜಮಾನ ತಲೆ ತಗ್ಗಿಸಿ ಒಪ್ಪಿದ. ಎರಡು ಸಲ ಹೊಯ್ದದ್ದರಿಂದ ಒಂದೇ ಸಲ ಹೊಯ್ಯುವ ಮಾಮೂಲು ಸಿಮೆಂಟಿಗಿಂತ ಹೆಚ್ಚು ಹೊಗೆಯಾಗಿದೆ, ಕಾರಣ ಐದನೆಯ ದಿನ ನೀರು ಬಿಡಿಸಿದ್ದು ಎಂದು ಮೇಡಂ ಬರೆದುಕೊಂಡರು.

"ಬಿಡಿಸಿದವನ ಹೆಸರೂ ಬರೀರಿ" ಎಂದಳು ದುರ್ಗತ್ತೆ. ಬರೆದು ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.