ಒಲೆ ಹಚ್ಚದ ಮನೆಗೆ ಬುತ್ತಿ

ನನ್ನ ಗಂಡನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಭಾವ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನನ್ನನ್ನು ಕರೆದರು. ಅವರು ನನ್ನ ಗಂಡನ ಅಣ್ಣ. ಗಂಡನ ಊರಾದ ಮಣ್ಣೂರಿನ ಮನೆಗೆ ಈಗ ಅವರೇ ಹಿರಿಯರು.

“ನೋಡು ತಂಗಿ, ಸತ್ತ ಮನ್ಯಾಗ ಮೂರು ದಿನ ಒಲಿ ಹಚ್ಚಂಗಿಲ್ಲ. ಊರಾಗಿದ್ರ ಇಷ್ಟೊತ್ತಿಗೆ ಪಡಸಾಲಿ ತುಂಬ ಬುತ್ತಿ ಬಂದಿರ್ತಿತ್ತು. ಇಲ್ಲೇ ಮಣ್ಣು ಕೊಡೂಣು ಅಂತ ನೀ ಹಟ ಹಿಡದಿ, ಕೊಟ್ವಿ. ಇವತ್ತ ಹೊತ್ತು ಮುಳುಗೂದ್ರಾಗ ಈ ನಿನ್ನ ಪ್ಲಾಟ್‌ನ್ಯಾಗ ಯಾರರ ಒಂದು ರೊಟ್ಟಿ ತಂದ್ರ ನೀ ಇಲ್ಲೇ ಇರು, ನಾ ಬ್ಯಾಡ ಅನ್ನಂಗಿಲ್ಲ. ತರಲಿಲ್ಲ ಅಂದ್ರ ಕಾರ್ಯ ಮುಗಿಸಿ ಸಾಮಾನು ಕಟ್ಟು.”

ಒಳಗೆ ನನ್ನ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಕುಪ್ಪಸವೊಂದು ಹಾಗೇ ಇತ್ತು. ಮಗಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಮಣ್ಣೂರಿಗೆ ಹೋದರೆ ಅವಳ ಶಾಲೆ ಬಿಟ್ಟಂತೆಯೇ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಜೇವರ್ಗಿಯಲ್ಲಿ ಹೆದ್ದಾರಿಯ ಆಚೆ ತೊಗರಿ ಹೊಲ ಒಡೆದು ಮಾಡಿದ ಬಡಾವಣೆ ಇದು. ನಾವು ಬಂದಾಗ ನೆಟ್ಟ ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಏಳುತ್ತಿದ್ದ ಮನೆಗಳಿಗೆ ಕರೆಂಟಿನ ವೈರು ಎಳೆಯುವುದು ನನ್ನ ಗಂಡನ ಕೆಲಸ. ಇಲ್ಲಿ ಮನೆಗಳಿಗಿಂತ ಮೊದಲು ತಿನ್ನುವ ಬಂಡಿಗಳು ಬಂದವು. ಮೊದಲು ಗೌಂಡಿಗಳಿಗೆಂದು ಚಹಾದಂಗಡಿ, ಆಮೇಲೆ ಮುಂಜಾನೆಯ ಮಂಡಕ್ಕಿ ಸುಸಲಾ, ಸಂಜೆಯ ಮಿರ್ಚಿ ಭಜಿ, ಶುಕ್ರವಾರಕ್ಕೊಮ್ಮೆ ದೊಡ್ಡ ಹಂಡೆಯಲ್ಲಿ ತಹರಿ ಅನ್ನ, ಕೆಂಪು ಬಣ್ಣ ಹಾಕಿದ ಗೋಬಿ, ಪಾನಿಪುರಿ. ರಸ್ತೆಗೆ ಡಾಂಬರು ಬಿದ್ದ ವರ್ಷ ಒಂದು ಖಾನಾವಳಿಯೂ ಆಯಿತು. ಅದಕ್ಕೆ ಹೆಸರಿಲ್ಲ. ‘ಬಿಸಿ ರೊಟ್ಟಿ ಸಿಗುತ್ತದೆ’ ಎಂದಷ್ಟೇ ಹಲಗೆ.

ಹೊಸ ಬಂಡಿ ನಿಂತಿತೆಂದರೆ ಆ ಭಾನುವಾರ ನಾವು ಮೂವರೂ ಅಲ್ಲಿ. ಗಂಡ ಮೊದಲು ಬಾಣಲೆಗೆ ಬಗ್ಗಿ ನೋಡುತ್ತಿದ್ದರು. “ಎಣ್ಣಿ ಕರ್ರಗದ, ಮುಂದ ನಡೀರಿ” ಎಂದು ಬಂಡಿಯವನಿಗೆ ಕೇಳಿಸುವಂತೆಯೇ ಅನ್ನುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಚೆನ್ನಾಗಿದ್ದರೆ ಮಾತ್ರ ಏನೂ ಹೇಳದೆ ಇನ್ನೊಂದು ತಟ್ಟೆಗೆ ಕೈ ಚಾಚುತ್ತಿದ್ದರು. ಖಾನಾವಳಿಯಲ್ಲಿ ಅವರು ಒಂದು ದಿನವೂ ತಪ್ಪು ತೆಗೆದಿದ್ದನ್ನು ನಾನು ನೋಡಲಿಲ್ಲ.

ಕಾಯುವ ಮನೆಯಲ್ಲಿ ಕಿವಿಗಳು ದೊಡ್ಡವಾಗುತ್ತವೆ. ಎಲ್ಲೋ ಗಾಡಿ ನಿಂತರೆ ನಾನು ಎದ್ದು ನಿಲ್ಲುತ್ತಿದ್ದೆ. ಎದುರು ಮನೆಯ ಮಾಸ್ತರರು ಕಟ್ಟೆಯ ಮೇಲೆ ಕೂತ ಭಾವನನ್ನು ನೋಡಿ ತಲೆ ತಗ್ಗಿಸಿ ಹೋದರು. ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಒಂದು ಚೀಲ ಕೊಟ್ಟು, ನನ್ನ ಕೈ ಒತ್ತಿ ಹೋದಳು. ಅದರಲ್ಲಿ ಹಾಲಿನ ಪಾಕೀಟು, ಬಿಸ್ಕಿಟ್ ಪುಡಿಕೆ.

ಭಾವ ಪುಡಿಕೆಯನ್ನು ತಿರುವಿ ನೋಡಿದರು. “ನಾವೇನ ದವಾಖಾನ್ಯಾಗ ಅಡ್ಮಿಟ್ ಆಗೇವೇನು?”

“ಹಂಗ್ಯಾಕಂತೀಯೋ, ಆಕಿಗಿ ತಿಳಿದಂಗ ತಂದಾಳ” ಎಂದರು ಅತ್ತೆ. ಅವರು ಗೋಡೆಗೆ ಒರಗಿ ಕುಳಿತಿದ್ದರು. ಮಗನನ್ನು ಕಳೆದುಕೊಂಡ ಮೇಲೆ ಅವರಾಡಿದ ಮೊದಲ ಮಾತು ಅದು.

ಚಹಾದಂಗಡಿಯವರು ಕಿಟ್ಲಿ ತುಂಬ ಚಹಾ ತಂದರು. “ವೈನಿ, ಸಕ್ಕರಿ ಜರಾ ಜಾಸ್ತಿ ಹಾಕೇನಿ. ಭಯ್ಯಾಗ ಹಂಗೇ ಬೇಕಾಗಿತ್ತು” ಎಂದು ಕಿಟ್ಲಿ ಇಟ್ಟು, ಕಣ್ಣು ಒರೆಸುತ್ತ ಹೋದರು. ಭಾವ ಚಹಾ ಕುಡಿದರು. ಲೋಟ ಕೆಳಗಿಟ್ಟು ನನ್ನ ಕಡೆ ನೋಡದೆ, “ಚಹಾ ಬುತ್ತಿ ಅಲ್ಲ” ಎಂದರು.

ಮಧ್ಯಾಹ್ನವಾಯಿತು. ಮಗಳು ಹಸಿವೆಂದು ಹೇಳಲಿಲ್ಲ. ಬಿಸ್ಕಿಟಿಗೂ ಕೈ ಹಾಕಲಿಲ್ಲ. ಅದನ್ನು ತಿಂದರೆ ಸೋತಂತೆ ಎಂದು ಅವಳಿಗೂ ಅನ್ನಿಸಿತ್ತೇನೋ. ನಿನ್ನೆ ಎಲ್ಲರ ಮುಂದೆ ‘ಇಲ್ಲೇ ಮಣ್ಣು ಕೊಡೋಣ, ಈ ಮನೆಗಳಿಗೆ ದೀಪ ಹಚ್ಚಿದವರು ಅವರು’ ಎಂದವಳು ನಾನೇ. ಈಗ ಆ ಮನೆಗಳೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದವು. ಅವುಗಳೊಳಗೆ ಫ್ಯಾನು ತಿರುಗುವ ಸದ್ದು ಇಲ್ಲಿಗೇ ಕೇಳಿಸಿದಂತೆ ಅನ್ನಿಸುತ್ತಿತ್ತು.

ಬಿಸಿಲು ಕಟ್ಟೆಯಿಂದ ಇಳಿದ ಹೊತ್ತಿಗೆ ಖಾನಾವಳಿ ನಡೆಸುವ ಹೆಂಗಸು ಬಂದಳು, ನಾವೆಲ್ಲ ಬಾಯಿ ಎಂದು ಕರೆಯುವವಳು. ತಲೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ, ಕೈಯಲ್ಲಿ ಡಬ್ಬಿ. ಚಪ್ಪಲಿ ಬಿಟ್ಟು ಹೊಸ್ತಿಲ ಬಳಿ ಬುಟ್ಟಿ ಇಳಿಸಿದಳು.

“ಮಧ್ಯಾಹ್ನದ ಗಿರಾಕಿ ಮುಗಿಸೂದ್ರಾಗ ತಡ ಆತ್ರಿ ಅಕ್ಕಾ. ಉಳದದ್ದು ತರಬಾರ್ದಂತ ಮತ್ತ ಹಿಟ್ಟು ನಾದಿ ಬಡದೇನಿ.”

ಬಟ್ಟೆ ಸರಿಸಿದಾಗ ರೊಟ್ಟಿಯ ಹಬೆ ಮನೆಯೊಳಗೆ ಬಂತು. ಮಗಳು ನನ್ನ ಸೆರಗು ಹಿಡಿದಳು. ನನಗೆ ಉಸಿರು ಬಂದಂತಾಯಿತು. ಆದರೆ ಭಾವ ಕೇಳಿಯೇಬಿಟ್ಟರು.

“ಯಾವ ಊರವ್ವಾ ನಿಂದು?”

“ನರೋಣಾ ರೀ.”

“ನರೋಣಾದಾಗ ಯಾವ ಓಣಿ?”

ಓಣಿ ಕೇಳಿದರೆ ಜಾತಿ ಕೇಳಿದಂತೆ ಎಂದು ನಮ್ಮ ಕಡೆ ಹುಟ್ಟಿದ ಯಾರಿಗಾದರೂ ಗೊತ್ತು. ಬಾಯಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಓಣಿ ಯಾಕ ಕೇಳ್ತೀರಿ ಯಣ್ಣಾ, ಸೀದಾ ಕೇಳ್ರಿ. ನಾವು ಬೌದ್ಧರು ರೀ.”

ಸಾವಿನ ಮನೆಯಲ್ಲಿ ಬುತ್ತಿ ಬಂದರೆ ಹಿರಿಯರು ಮೊದಲ ರೊಟ್ಟಿ ಮುರಿದು ಎಲ್ಲರಿಗೂ ಕೊಡಬೇಕು. ಅವರು ಮುರಿಯದೆ ಯಾರೂ ತುತ್ತು ಎತ್ತುವಂತಿಲ್ಲ. ಭಾವನ ಕೈ ತೊಡೆಯ ಮೇಲೆಯೇ ಇತ್ತು.

ನನಗೊಂದು ಗೊತ್ತಿತ್ತು. ಹಿಂದಿನ ತಿಂಗಳು ಹೊಲದ ಕಾಗದಕ್ಕೆಂದು ಭಾವ ಜೇವರ್ಗಿಗೆ ಬಂದಾಗ ನನ್ನ ಗಂಡ ಅವರನ್ನು ಕರೆದುಕೊಂಡು ಹೋಗಿದ್ದು ಇದೇ ಖಾನಾವಳಿಗೆ. ‘ಅಣ್ಣ ಬೆಲ್ಟ್ ಸಡಿಲ ಮಾಡಿ ಉಂಡ’ ಎಂದು ಮನೆಗೆ ಬಂದು ನಕ್ಕಿದ್ದರು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅವರ ತಾಯಿಯ ಮುಂದೆ, ನನ್ನ ಮಗಳ ಮುಂದೆ ಅದನ್ನು ಅಂದುಬಿಟ್ಟರೆ ಭಾವ ಮತ್ತೆಂದೂ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ. ನಾನು ಹಲ್ಲು ಕಚ್ಚಿದೆ.

ಬಾಯಿ ಎಲೆಗಳನ್ನು ಹಾಸಿದಳು. ರೊಟ್ಟಿ, ಪುಂಡಿ ಪಲ್ಯ, ಉಳ್ಳಾಗಡ್ಡಿ. ಭಾವನ ಎಲೆಗೆ ಮಾತ್ರ ಡಬ್ಬಿಯಿಂದ ಇನ್ನೊಂದು ಬಡಿಸಿದಳು, ಕಪ್ಪಗೆ ಮಿನುಗುವ ಗುರೆಳ್ಳಿನ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ.

“ಹ್ವಾದ ಸರ್ತಿ ಇದಿಲ್ಲಂತ ಬೈದಿದ್ರಿ. ಗುರೆಳ್ಳ ಹಿಂಡಿ ಇಲ್ಲದ್ದು ಎಂಥಾ ಖಾನಾವಳಿ ಅಂತ. ಅದಕ್ಕ ಕುಟ್ಟಿ ತಂದೇನಿ.”

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಗಿರಾಕಿಗೆ ಹೇಳುವಂತೆ ಹೇಳಿದಳು.

ಅತ್ತೆ ಮಗನ ಮುಖ ನೋಡಿದರು. ಭಾವನ ಕಿವಿಗಳು ಕೆಂಪಾದವು. ಹಿಂಡಿಯನ್ನು ಬಹಳ ಹೊತ್ತು ನೋಡುತ್ತ ಕುಳಿತರು. ರೊಟ್ಟಿ ಆರುತ್ತಿತ್ತು. ಬಾಯಿಯೂ ಎದ್ದು ಹೋಗಲಿಲ್ಲ. ಹೊಸ್ತಿಲ ಮೇಲೆ ಕೈ ಕಟ್ಟಿ ಕುಳಿತಿದ್ದಳು, ನಾವು ಉಂಡ ಮೇಲೆಯೇ ಏಳುವವಳಂತೆ.

ನಾನು ನನ್ನ ಎಲೆಯ ರೊಟ್ಟಿ ಮುರಿದೆ. ಗಂಡ ಸತ್ತವಳು ತಾನಾಗಿ ಉಣ್ಣಬಾರದು, ಯಾರಾದರೂ ಬಲವಂತದಿಂದ ಉಣಿಸಬೇಕು ಎನ್ನುವುದು ನಮ್ಮಲ್ಲಿ ಪದ್ಧತಿ. ಮೊದಲ ತುತ್ತು ಮಗಳ ಬಾಯಿಗೆ ಇಟ್ಟೆ. ಎರಡನೆಯದು ನಾನು ತಿಂದೆ.

ಭಾವ ಎದ್ದರು. ಹೆಗಲ ಮೇಲಿನ ಟವೆಲ್ಲು ಝಾಡಿಸಿದರು.

“ನಾ ಉಣ್ಣಂಗಿಲ್ಲ.” ಚಪ್ಪಲಿಗೆ ಕಾಲು ಹುಡುಕುತ್ತ ಮತ್ತೆ ಹೇಳಿದರು, “ಖರೇ ಮಾತು ಅಂದ್ರ ಮಾತು. ಬುತ್ತಿ ಬಂದದ. ಕಾರ್ಯಕ್ಕ ಬರ್ತೇನಿ. ಸಾಮಾನು ಇದ್ದಲ್ಲೇ ಇರ್ಲಿ.”

ಬಾಯಿ ಸರಿದು ದಾರಿ ಬಿಟ್ಟಳು. ಅವರು ಅವಳನ್ನು ನೋಡಲಿಲ್ಲ. ಹೆದ್ದಾರಿಯ ಕಡೆ ನಡೆದವರು ಚಹಾದಂಗಡಿಯ ಮುಂದೆ ಒಮ್ಮೆ ನಿಂತರು, ಕೂರಲಿಲ್ಲ, ಮುಂದೆ ಹೋದರು.

ಅತ್ತೆ ತೆವಳಿಕೊಂಡು ಬಂದು ಮಗನ ಎಲೆಯನ್ನು ತಮ್ಮ ಮುಂದೆ ಎಳೆದುಕೊಂಡರು. ಹಿಂಡಿಯನ್ನು ನಾಲಿಗೆಗೆ ಹಚ್ಚಿ ನೋಡಿದರು.

“ಉಪ್ಪು ಜರಾ ಕಡಿಮಿ ಬಿದ್ದದ.”

“ಬಿದ್ದಿರಬೇಕ್ರಿ ಆಯೀ, ಅವಸರದಾಗ ಕುಟ್ಟೇನಿ” ಎಂದಳು ಬಾಯಿ.

“ಹೊಸ್ತಿಲದಾಗ ಯಾಕ ಕುಂತೀಬೇ? ಒಳಗ ಬಾ, ನೀನೂ ಒಂದು ತುತ್ತು ಉಣ್ಣು.”

“ಇವತ್ತ ಒಲ್ಲೆ ರೀ. ರಾತ್ರಿ ಗಿರಾಕಿಗಿ ಹಿಟ್ಟು ನಾದೂದದ.” ಅವಳು ಸೆರಗು ಸಿಕ್ಕಿಸಿ ಎದ್ದಳು. “ಬುಟ್ಟಿ ಇಲ್ಲೇ ಇರ್ಲಿ ಅಕ್ಕಾ, ನಾಳೆ ಇನ್ನೊಂದು ತರ್ತೇನಿ. ಭಜಿ ಬಂಡಿಯವ್ರು ಅನ್ನ ಸಾರು ನಾವ್ ಕೊಡ್ತೇವಿ ಅನ್ನಾಕತ್ತಾರ. ಅವರ ಸಾರು ನಂಬಬ್ಯಾಡ್ರಿ.”

ಅವಳು ಹೋದ ಮೇಲೆ ಮಗಳು ಬೆರಳು ನೆಕ್ಕುತ್ತ ಮೆಲ್ಲಗೆ ಕೇಳಿದಳು, “ಅವ್ವಾ, ಸೋಮವಾರ ಸಾಲಿಗಿ ಹೋಗ್ಲೇನು?”

“ಹೋಗು,” ಎಂದೆ. ಅವಳ ಎಲೆಗೆ ಇನ್ನೊಂದು ರೊಟ್ಟಿ ಹಾಕಿದೆ.