ಸೊಪ್ಪಿನ ಕೂಗಿಗೆ ಓಗೊಟ್ಟವರು

ದೆವ್ವ, ಗಾಳಿ ಎಂದರೆ ನಾನು ನಗುತ್ತಿದ್ದವಳು. ಮೂವತ್ತು ವರ್ಷ ಕತ್ತಲಲ್ಲೇ ಎದ್ದು ತಲಘಟ್ಟಪುರದಿಂದ ಸೊಪ್ಪಿನ ಬುಟ್ಟಿ ಹೊತ್ತು ಜಯನಗರಕ್ಕೆ ಹೋಗಿದ್ದೇನೆ. ನಾಯಿ ಬಿಟ್ಟರೆ ಇನ್ಯಾವುದೂ ನನ್ನ ಹಿಂದೆ ಬಂದಿರಲಿಲ್ಲ. ಆದರೂ ಎರಡು ವರ್ಷದ ಹಿಂದೆ ಹಾಡುಹಗಲಲ್ಲೇ ನಡೆದದ್ದನ್ನು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ನನ್ನ ಮೊಮ್ಮಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಡೆಯಲಾಗುವುದಿಲ್ಲ. ನಿತ್ಯ ಹಾಡಿನ ಆಲ್ಬಂ ಮಾಡಿದ್ದಾಳೆ. ಅದರಲ್ಲಿ ವಾದ್ಯವೇ ಇಲ್ಲ, ಬರೀ ಮನುಷ್ಯರ ದನಿ. ತಬಲದ ಜಾಗದಲ್ಲಿ ಅವಳ ಸ್ನೇಹಿತೆಯ ತುಟಿಯ ಸದ್ದು. ತನ್ನ ಅಪ್ಪನ ಗೊರಕೆಯನ್ನು ನಿಧಾನ ಮಾಡಿ ಹಾಡಿನ ಅಡಿಗಿಟ್ಟಿದ್ದಾಳೆ, ದೂರದ ಗುಡುಗಿನ ಹಾಗೆ ಕೇಳುತ್ತದೆ. ಇಷ್ಟು ವರ್ಷ ಸಹಿಸಿಕೊಂಡದ್ದಕ್ಕೆ ಈಗ ಬೆಲೆ ಬಂತು ಎಂದು ನನ್ನ ಮಗಳು ಗಂಡನನ್ನು ಛೇಡಿಸಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇಂಥ ಮೊಮ್ಮಗಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಹೇಳುತ್ತೇನೆ.

ಅವಳಿಗೆ ನನ್ನ ಸೊಪ್ಪಿನ ಕೂಗು ಬೇಕಾಗಿತ್ತು. ವ್ಯಾಪಾರ ಬಿಟ್ಟು ವರ್ಷಗಳಾಗಿತ್ತು. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಒಬ್ಬಳೇ ಇರುವವಳು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ದನಿ ಏಳುತ್ತದೋ ಇಲ್ಲವೋ ಎಂಬ ಅಳುಕಿನಲ್ಲೇ ಕತ್ರಿಗುಪ್ಪೆಯ ಮಗಳ ಮನೆಗೆ ಹೋದೆ. ಮಧ್ಯಾಹ್ನ, ಇದ್ದವರು ನಾವಿಬ್ಬರೇ. ಕಿಟಕಿಗೆ ರಗ್ಗು ಕಟ್ಟಿ, ಫ್ಯಾನು ಆರಿಸಿ, ಮೈಕಿನ ಮುಂದೆ ಕೂರಿಸಿದಳು. ತಾನು ಪಕ್ಕದಲ್ಲಿ ತುಟಿಯ ಮೇಲೆ ಬೆರಳಿಟ್ಟು ಕೂತಳು.

"ಸೊಪ್ಪೋ... ದಂಟು, ಮೆಂತ್ಯ, ಸಬ್ಬಸಿಗೇ..." ಎಂದು ಕೂಗಿ ಸುಮ್ಮನಾದೆ. ಒಳಗಿನಿಂದ ಯಾರಾದರೂ ಬರುವಷ್ಟು ಹೊತ್ತು ಕಾದು ಮತ್ತೆ ಕೂಗಿದೆ. ಬೀದಿಯ ಅಭ್ಯಾಸ.

ಆಮೇಲೆ ಅದನ್ನು ಹಾಕಿ ಕೇಳಿದೆವು. ನನ್ನ ಎರಡು ಕೂಗಿನ ನಡುವೆ, ಯಾವುದೋ ಒಳಮನೆಯಿಂದ ಬಂದ ಹಾಗೆ, ವಯಸ್ಸಾದ ಹೆಂಗಸಿನ ದನಿ: "ಇರಮ್ಮ, ಬಂದೆ."

"ಅಜ್ಜಿ, ನೀನಾ ಹೇಳಿದ್ದು?"

"ನನ್ನ ಬಾಯಿ ಮುಚ್ಚಿತ್ತಲ್ಲೇ, ನೀನೇ ನೋಡ್ತಾ ಇದ್ದೆ."

ನಿತ್ಯ ಹೊರಗೆ ಹೋಗಿ ನೋಡಿದಳು. ಮೇಲಿನ ಮನೆಗೆ ಬೀಗ, ಬೀದಿಯಲ್ಲಿ ಯಾರೂ ಇಲ್ಲ. ಮತ್ತೆ ಮೂರು ಸಲ ಕೂಗಿಸಿ ರೆಕಾರ್ಡ್ ಮಾಡಿದಳು. ಅವುಗಳಲ್ಲಿ ಆ ದನಿ ಇರಲಿಲ್ಲ.

ಕೇಳಿದ ಕೂಡಲೇ ಅದು ಯಾರ ದನಿ ಎಂದು ನನಗೆ ಗೊತ್ತಾಗಿತ್ತು. ಜಯನಗರದ ಒಂದು ಮನೆಯಲ್ಲಿ ಒಬ್ಬರೇ ಇದ್ದ ಅಮ್ಮ ಅವರು. ಮಂಡಿನೋವು, ಗೇಟಿಗೆ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಕೊಳ್ಳುತ್ತಿದ್ದದ್ದು ಒಂದೇ ಕಟ್ಟು, ಆಡುತ್ತಿದ್ದದ್ದು ಬುಟ್ಟಿ ತುಂಬುವಷ್ಟು ಮಾತು. ಹನ್ನೆರಡು ವರ್ಷ ಅವರಿಗಾಗಿ ಕಾದಿದ್ದೇನೆ, ಒಂದೇ ಒಂದು ದಿನ ಬಿಟ್ಟು. ಅವತ್ತು ನಾನು ಕೂಗಿದ್ದೆ, ಅವರು ಒಳಗಿನಿಂದ ಇರಮ್ಮ ಬಂದೆ ಎಂದಿದ್ದರು. ಅಷ್ಟರಲ್ಲಿ ಮಗಳಿಗೆ ಹೆರಿಗೆ ನೋವು ಬಂದಿದೆ ಎಂದು ನನ್ನ ತಮ್ಮ ಸ್ಕೂಟರಿನಲ್ಲಿ ಹುಡುಕಿಕೊಂಡು ಬಂದ. ಒಂದು ಮಾತೂ ಹೇಳದೆ ಹತ್ತಿ ಹೊರಟೆ. ಅವತ್ತು ಹುಟ್ಟಿದವಳೇ ನಿತ್ಯ. ಬಾಣಂತನ ಮುಗಿಸಿ ಮೂರು ತಿಂಗಳಿಗೆ ಹೋದರೆ ಗೇಟಿಗೆ ಬೀಗ. ನಾನು ಹಾಗೆ ಹೊರಟುಹೋದ ವಾರವೇ ತೀರಿಕೊಂಡರು ಎಂದು ಎದುರು ಮನೆಯವರು ಹೇಳಿದರು. ಅವತ್ತು ಅವರು ಗೇಟಿನವರೆಗೆ ಬಂದು ಎಷ್ಟು ಹೊತ್ತು ನಿಂತಿದ್ದರೋ.

ಇಷ್ಟನ್ನೂ ನಿತ್ಯಳಿಗೆ ಹೇಳಿದೆ. ಅವಳು ಆಲ್ಬಮ್ಮಿನಲ್ಲಿ ಯಾರದೇ ದನಿ ಇದ್ದರೂ ಅವರ ಹೆಸರು ಹಾಕುತ್ತಿದ್ದಳು. ಹೆಸರಿಲ್ಲದ ದನಿಯನ್ನು ತೆಗೆದುಬಿಡುವುದು ಅವಳ ಪದ್ಧತಿ.

"ಅವರ ಹೆಸರೇನಜ್ಜಿ?"

ನನಗೆ ಗೊತ್ತಿರಲಿಲ್ಲ. ನಾನು ಅಮ್ಮ ಎನ್ನುತ್ತಿದ್ದೆ, ಅವರು ನನ್ನನ್ನೂ ಅಮ್ಮ ಎನ್ನುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಬ್ಬರ ಹೆಸರನ್ನು ಒಬ್ಬರು ಕೇಳಿರಲಿಲ್ಲ.

"ತೆಗೀಬೇಡ ಕಣೇ," ಎಂದೆ. "ಒಂದು ಸಲ ಬಿಟ್ಟು ಬಂದಿದ್ದೀನಿ."

ಅವಳು ತೆಗೆಯಲಿಲ್ಲ. ಅವರು ಗೇಟಿಗೆ ಬರಲು ಎಷ್ಟು ಹೊತ್ತು ಆಗುತ್ತಿತ್ತು ಎಂದು ಮಾತ್ರ ಕೇಳಿದಳು. ನಾನು ಕಣ್ಣು ಮುಚ್ಚಿಕೊಂಡು, ಅವರು ಗೇಟು ಮುಟ್ಟಿದರು ಎನ್ನಿಸಿದಾಗ ಕೈ ಎತ್ತಿದೆ. ಹಾಡಿನಲ್ಲಿ ಆ ದನಿಯಾದ ಮೇಲೆ ಅಷ್ಟು ಹೊತ್ತು ಏನೂ ಇಲ್ಲ. ಫೋನು ಕೆಟ್ಟಿತು ಎಂದುಕೊಂಡು ಎಷ್ಟೋ ಜನ ಮುಂದಕ್ಕೆ ಒತ್ತುತ್ತಾರಂತೆ.

ಆ ದನಿ ಅಲ್ಲಿಗೆ ಹೇಗೆ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ. ಮನೆಯಲ್ಲಿ ಒಬ್ಬಳೇ ಹಾಡು ಹಾಕಿಕೊಂಡಾಗ, ಆ ಜಾಗ ಬಂದರೆ ಎದ್ದು ನಿಲ್ಲುತ್ತೇನೆ. ಮುಗಿಯುವವರೆಗೂ ಕೂರುವುದಿಲ್ಲ.