ಅವ್ವನ ಮಣ್ಣಿನ ಪಡೆ

ಆಗ ನನಗೊಂದು ಹುಚ್ಚಿತ್ತು, ಮೇಜಿನ ಮೇಲೆ ಯುದ್ಧ ಆಡುವ ಹುಚ್ಚು. ಹೆಬ್ಬೆರಳಿನಷ್ಟು ಎತ್ತರದ ಸೈನಿಕರ ಗೊಂಬೆಗಳು, ಒಂದು ಹಿಡಿ ದಾಳ, ದರ್ಜಿಯ ಟೇಪು. ಎದುರಾಳಿಯ ಪಡೆ ಎಷ್ಟು ಇಂಚು ದೂರದಲ್ಲಿದೆ ಎಂದು ಅಳೆದು, ದಾಳ ಉರುಳಿಸಿ, ಯಾರು ಸತ್ತರು ಯಾರು ಉಳಿದರು ಎಂದು ತೀರ್ಮಾನಿಸುವ ಆಟ. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ಮಾಧಾಪುರದ ಒಂದು ಕಂಪನಿಯಲ್ಲಿ ನಾನು ಟೆಸ್ಟಿಂಗ್ ಕೆಲಸಕ್ಕಿದ್ದೆ. ವಾರವಿಡೀ ಬೇರೆಯವರ ತಪ್ಪು ಹುಡುಕಿ ತಲೆ ಕೆಟ್ಟುಹೋಗಿರುತ್ತಿತ್ತು. ಭಾನುವಾರ ಬಂತೆಂದರೆ ಮಂಗಳೂರು ಕಡೆಯ ಸಹೋದ್ಯೋಗಿಯೊಬ್ಬನ ಮನೆಗೆ ಯುದ್ಧಕ್ಕೆ ಹೊರಡುತ್ತಿದ್ದೆ.

ಆಟವೇನೋ ಚಂದ, ಗೊಂಬೆಗಳ ಬೆಲೆ ಮಾತ್ರ ಕೇಳಬೇಡಿ. ಆಟ ತಯಾರಿಸುವ ಕಂಪನಿಯ ಅಸಲಿ ಗೊಂಬೆಗಳು ವಿದೇಶದಿಂದಲೇ ಬರಬೇಕು. ಒಂದು ಡಬ್ಬಿಯ ದುಡ್ಡಿಗೆ ನಮ್ಮ ಮನೆಯ ತಿಂಗಳ ಕಿರಾಣಿ ಬರುತ್ತಿತ್ತು. ಅಷ್ಟು ಸುರಿದು ಡಬ್ಬಿ ತೆರೆದರೆ ಒಳಗೆ ತುಂಡು ತುಂಡು ಪ್ಲಾಸ್ಟಿಕ್. ಅಂಟಿಸುವವರೂ ನಾವೇ, ಬಣ್ಣ ಹಚ್ಚುವವರೂ ನಾವೇ, ಆ ಬಣ್ಣಕ್ಕೆ ಮತ್ತೆ ಬೇರೆ ದುಡ್ಡು. ಮಂಗಳೂರಿನವನು ಆನ್‌ಸೈಟ್ ಎಂದು ವಿದೇಶಕ್ಕೆ ಹೋಗಿ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಇವನ್ನೇ ಹೆಚ್ಚು ತುಂಬಿಕೊಂಡು ಬಂದಿದ್ದ. ನನ್ನ ಸಂಬಳವೋ, ದಿಲ್‌ಸುಖ್‌ನಗರದ ಮನೆ ಬಾಡಿಗೆಗೂ ಅವ್ವನ ಹೃದಯದ ಗುಳಿಗೆಗಳಿಗೂ ಹೋಗಿ ತಳ ಕಾಣುತ್ತಿತ್ತು.

ಹಾಗೆಂದು ಆಟ ಬಿಡಲಾಗುತ್ತದೆಯೇ? ಚದುರಂಗದ ಕಾಲಾಳುಗಳನ್ನು ತಂದೆ. ಆಫೀಸಿನ ಪ್ರಿಂಟರಿನಲ್ಲಿ ಚಿತ್ರ ತೆಗೆದು ರಟ್ಟಿಗೆ ಅಂಟಿಸಿದೆ. ಫ್ಯಾನ್ ಹಾಕಿದರೆ ಇಡೀ ಪಡೆ ಮಗುಚಿ ಬೀಳುತ್ತಿತ್ತು. ನಾಂಪಲ್ಲಿಯ ಜನವರಿ ಪ್ರದರ್ಶನದಲ್ಲಿ ಒಂದು ಚೀಲ ಹಸಿರು ಪ್ಲಾಸ್ಟಿಕ್ ಸಿಪಾಯಿಗಳನ್ನು ಚೌಕಾಸಿ ಮಾಡಿ ತಂದೆ, ನೋಡಿದರೆ ಅರ್ಧಕ್ಕರ್ಧ ಮಕಾಡೆ ಮಲಗಿದವರೇ. ಕೊನೆಗೆ ಸೋಡಾ ಮುಚ್ಚಳಕ್ಕೆ ಇಳಿದೆ. ಮಂಗಳೂರಿನವನು ಒಳ್ಳೆಯವನು, ಅಸಲಿಯೇ ಬೇಕೆಂದು ಹಟ ಹಿಡಿಯುತ್ತಿರಲಿಲ್ಲ. ಯಾರ ಕೈಯಲ್ಲಿ ಈಟಿ, ಯಾರ ಕೈಯಲ್ಲಿ ಗುರಾಣಿ ಎಂದು ನೋಡಿದ ಕೂಡಲೇ ತಿಳಿದರೆ ಸಾಕು ಎನ್ನುತ್ತಿದ್ದ. ಸೋಡಾ ಮುಚ್ಚಳದ ಕೈಯಲ್ಲಿ ಈಟಿ ಎಲ್ಲಿಂದ ತರುವುದು?

ಒಂದು ದಿನ ನೆಲದ ಮೇಲೆ ಕೂತು ಮುಚ್ಚಳಗಳಿಗೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕುತ್ತಿದ್ದೆ. ಅವ್ವ ನೋಡಿ ನಕ್ಕಳು. ಸಾವಿರಗಟ್ಟಲೆ ಪಗಾರದವನು ಮುಚ್ಚಳ ಆರಿಸಿಕೊಂಡು ಕೂತಿದ್ದೀಯಲ್ಲ ಎಂದು ಛೇಡಿಸಿದಳು. ಆಮೇಲೆ ಕಂಪ್ಯೂಟರಿನಲ್ಲಿ ಆ ಗೊಂಬೆಗಳ ಚಿತ್ರ ತೋರಿಸು ಎಂದು ಪಕ್ಕದಲ್ಲಿ ಕೂತಳು. ಬೆಲೆ ಹೇಳಿದೆ. ಗಲ್ಲಕ್ಕೆ ಕೈ ಹಚ್ಚಿಕೊಂಡು, ಇಷ್ಟೇ ತಾನೇ, ನಾನು ಮಾಡಿಕೊಡುತ್ತೇನೆ ಎಂದಳು.

ಅದು ಮಣ್ಣೆತ್ತಿನ ಅಮಾವಾಸ್ಯೆಯ ವಾರ. ನಮ್ಮದು ಬಿಜಾಪುರ ಕಡೆಯ ಮನೆ. ಅಪ್ಪ ಕಾಳುಕಡಿಯ ಸಗಟು ಅಂಗಡಿಯೊಂದರಲ್ಲಿ ಕೆಲಸ ಹಿಡಿದು ಇಲ್ಲಿಗೆ ಬಂದು, ಇಲ್ಲೇ ಮುದುಕರಾದವರು. ಊರು ಬಿಟ್ಟರೂ ಅವ್ವ ಎತ್ತು ಮಾಡುವುದನ್ನು ಬಿಟ್ಟಿರಲಿಲ್ಲ. ಊರಿನ ಕಡೆಯಿಂದ ಯಾರು ಬಂದರೂ ಒಂದು ಚೀಲ ಎರೆಮಣ್ಣು ತರಿಸಿಕೊಳ್ಳುತ್ತಿದ್ದಳು. ಆ ಮಣ್ಣನ್ನು ನಾದಿ ಜೋಡಿ ಎತ್ತು, ಅವಕ್ಕೆ ಜೋಳದ ಕಾಳಿನ ಕಣ್ಣು, ಮುಂದೆ ಮೇವು ಹಾಕುವ ಒಂದು ಗ್ವಾದಲಿ. ಅಮಾವಾಸ್ಯೆಯ ದಿನ ಪೂಜೆ ಮಾಡಿ, ಹೋಳಿಗೆ ನೈವೇದ್ಯ ಹಿಡಿದು, ಆಮೇಲೆ ನೀರಿಗೆ ಬಿಡುವುದು. ಊರಲ್ಲಾದರೆ ಬಾವಿ, ಇಲ್ಲಿ ಬಚ್ಚಲಿನ ಬಕೆಟ್. ಕರಗಿದ ಮೇಲೆ ತುಳಸಿ ಬುಡಕ್ಕೆ ಹಾಕುತ್ತಿದ್ದಳು.

ಆ ವರ್ಷ ಎತ್ತು ಮಾಡಿ ಉಳಿದ ಮಣ್ಣಿನಲ್ಲಿ ನನ್ನ ಪಡೆ ಎದ್ದಿತು. ಕಂಪ್ಯೂಟರಿನ ಚಿತ್ರದಲ್ಲಿದ್ದ ಲೋಹದ ಕವಚ, ರೆಕ್ಕೆಯ ಶಿರಸ್ತ್ರಾಣ ಯಾವುದೂ ಅವ್ವನಿಗೆ ಹಿಡಿಸಲಿಲ್ಲ. ಎಲ್ಲರ ತಲೆಗೂ ರುಮಾಲು ಸುತ್ತಿದಳು. ಕಸಬರಿಗೆ ಕಡ್ಡಿ ಈಟಿಯಾಯಿತು, ಹುಣಸೆಬೀಜದ ಹೋಳು ಗುರಾಣಿಯಾಯಿತು. ಒಬ್ಬೊಬ್ಬನ ಬೆನ್ನನ್ನೂ ಹೆಬ್ಬೆರಳಿನಿಂದ ಒತ್ತಿ ನಿಲ್ಲಿಸಿದ್ದಳು, ಬೆರಳಿನ ಗೆರೆಗಳು ಹಾಗೇ ಮೂಡಿದ್ದವು. ಕುಂಬಾರರ ಹತ್ತಿರ ಒಯ್ದು ಸುಡಿಸಿ ತರುತ್ತೇನೆ, ಗಟ್ಟಿಯಾಗುತ್ತವೆ ಎಂದೆ. ಎತ್ತಿನ ಮಣ್ಣನ್ನು ಬೆಂಕಿಗೆ ಕೊಡಬಾರದೆಂದು ಗದರಿಸಿದಳು. ನೆರಳಲ್ಲಿ ಒಣಗಿದ್ದಷ್ಟೇ.

ಅಮಾವಾಸ್ಯೆಯ ದಿನ ಎತ್ತುಗಳ ಪಕ್ಕದಲ್ಲೇ ಸೈನಿಕರನ್ನೂ ಸಾಲಾಗಿ ನಿಲ್ಲಿಸಿ ಕುಂಕುಮ ಹಚ್ಚಿದಳು. ಯುದ್ಧಕ್ಕೆ ಹೋಗುವವರು, ಪೂಜೆ ಮಾಡಿಸಿಕೊಂಡು ಹೋಗಲಿ ಎಂದು ನಗೆಯಾಡಿದಳು. ಸಂಜೆ ಎತ್ತುಗಳನ್ನು ಮಾತ್ರ ನೀರಿಗೆ ಬಿಟ್ಟಳು. ಅಪ್ಪ ಸಣ್ಣ ದನಿಯಲ್ಲಿ, ಪೂಜೆಯಾದ ಮಣ್ಣನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಅವನ್ನೂ ಬಿಡು ಎಂದರು. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ.

"ಅವು ಹುಡುಗನ್ವು ಅದಾವ, ಇರ್ಲಿ ಬಿಡ್ರಿ," ಅಂದಳು.

ಮಂಗಳೂರಿನವನು ರುಮಾಲಿನ ಪಡೆಯನ್ನು ಕಂಡು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ತನ್ನದೊಂದು ಅಸಲಿ ಡಬ್ಬಿ ಕೊಡುತ್ತೇನೆ, ಇದರಲ್ಲಿ ನಾಲ್ಕು ಕೊಡು ಎಂದು ಗಂಟುಬಿದ್ದ. ನಾನು ಕೊಡಲಿಲ್ಲ. ಹತ್ತಿ ಹಾಸಿದ ಮಿಠಾಯಿ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಿದ್ದೆ. ಎಷ್ಟು ಜೋಪಾನ ಮಾಡಿದರೂ ಯಾರದಾದರೂ ಕೈ ಮುರಿಯುತ್ತಿತ್ತು. ಮನೆಗೆ ಬಂದ ಕೂಡಲೇ ಅವ್ವ ಒದ್ದೆ ಮಣ್ಣು ಹಚ್ಚಿ ಕೂಡಿಸುತ್ತಿದ್ದಳು. ಇವತ್ತು ಗೆದ್ದೆಯಾ ಎಂದು ಕೇಳುತ್ತಿದ್ದಳು. ಗೆದ್ದದ್ದು ಕಡಿಮೆಯೇ.

ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ ಅವ್ವ ಹೋದಳು. ಹೃದಯದ ಕವಾಟ ಹಾಳಾಗಿದೆ, ಯಾವಾಗ ಏನಾಗುತ್ತದೋ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ತಿಳಿಸಿದ್ದರೆ ಏನು, ಆಗುವ ಸಂಕಟ ಆಗಿಯೇ ಆಗುತ್ತದೆ. ನಾನು ಆಟಕ್ಕೆ ಹೋಗುವುದನ್ನು ಬಿಟ್ಟೆ. ಸೈನಿಕರನ್ನು ಗಾಜಿನ ಶೋಕೇಸಿನಲ್ಲಿ ನಿಲ್ಲಿಸಿದೆ. ಅವಳ ಸೀರೆಗಳನ್ನು ಸೋದರತ್ತೆ ಒಯ್ದಿದ್ದಳು, ಫೋಟೊ ಎಂದರೆ ರೇಷನ್ ಕಾರ್ಡಿಗೆ ತೆಗೆಸಿದಂಥ ಒಂದು ಬಿಗಿಮುಖದ ಫೋಟೊ. ಆಫೀಸಿನಿಂದ ಬಂದು ಒಬ್ಬನನ್ನು ಕೈಗೆ ತೆಗೆದುಕೊಂಡು, ಬೆನ್ನ ಮೇಲೆ ಅವಳ ಬೆರಳು ಒತ್ತಿದ್ದ ಕಡೆ ನನ್ನ ಹೆಬ್ಬೆರಳು ಹಚ್ಚಿ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ಅವಳ ಗುರುತು ಎಂದು ನನಗೆ ಉಳಿದದ್ದು ಅದೊಂದೇ. ಅಪ್ಪ ಶೋಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಏಳುವುದು ಅವರಿಗೆ ರೂಢಿಯಾಗಿತ್ತು. ದುಃಖ, ಅಷ್ಟೇ ಅಂದುಕೊಂಡಿದ್ದೆ.

ಮತ್ತೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಸೂತಕದ ವರ್ಷ, ಹಬ್ಬ ಯಾಕೆ ಎಂದು ನಾನು ಆಫೀಸಿಗೆ ಹೋಗಿಬಿಟ್ಟಿದ್ದೆ. ಸಂಜೆ ಬಂದು ನೋಡಿದರೆ ಶೋಕೇಸಿನ ಬಾಗಿಲು ತೆರೆದಿತ್ತು, ಹಲಗೆ ಬರಿದಾಗಿತ್ತು. ದೇವರ ಮುಂದೆ ಚೆಲ್ಲಿದ ಕುಂಕುಮ ಇತ್ತು. ಬಚ್ಚಲಿಗೆ ಓಡಿದೆ. ಬಕೆಟ್ಟಿನ ತುಂಬ ಕಪ್ಪು ರಾಡಿ, ಮೇಲೆ ಕಸಬರಿಗೆ ಕಡ್ಡಿಗಳು ತೇಲುತ್ತಿದ್ದವು. ತೋಳು ಮುಳುಗುವವರೆಗೆ ಕೈ ಹಾಕಿ ತಡಕಾಡಿದೆ. ಒಂದಾದರೂ ಉಳಿದಿರಬಹುದು, ಅರ್ಧವಾದರೂ ಇರಬಹುದು ಎಂದು. ಹುಣಸೆಬೀಜದ ಹೋಳುಗಳು ಸಿಕ್ಕವು, ಮಿಕ್ಕದ್ದೆಲ್ಲ ಬೆರಳ ಸಂದಿಯಲ್ಲಿ ಜಾರುವ ಕೆಸರು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕರಗಿಸಿಬಿಟ್ಟಿರಲ್ಲ ಎಂದು ಅವರ ಮೇಲೆ ಹರಿಹಾಯ್ದೆ. ಅವರು ಗೋಡೆ ಹಿಡಿದುಕೊಂಡು ಅಲ್ಲೇ ಕೂತರು.

"ನಾ ಅವತ್ತ ಗಟ್ಟಿಸಿ ಹೇಳಬೇಕಿತ್ತು," ಅಂದರು. "ಪೂಜಿ ಆದ ಮಣ್ಣು, ನೀರಿಗೆ ಬಿಡದ ಹಂಗ ಮನ್ಯಾಗ ಇಟ್ಕೊಂಡು ಕುಂತ್ವಿ. ಅದಕ್ಕ ಆಕಿಗೆ ಹಂಗಾತೇನು? ಖರೇ ಹೇಳು."

ಇಷ್ಟು ದಿನ ಈ ಮನುಷ್ಯ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಬ್ಬರೇ ಬೇಯುತ್ತಿದ್ದರು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಏನೆಂದು ಹೇಳಲಿ? ಹೌದು ಎಂದರೆ ಹೆಂಡತಿಯನ್ನು ತಾನೇ ಕೊಂದೆನೆಂದು ಇರುವಷ್ಟು ಕಾಲವೂ ಕೊರಗುತ್ತಾರೆ. ಬರೀ ಅಲ್ಲ ಎಂದರೆ, ಅವಳ ಕೈಯ ಕೊನೆಯ ಗುರುತನ್ನು ಸುಮ್ಮಸುಮ್ಮನೆ ಅಳಿಸಿದೆನೆಂದು ಕೊರಗುತ್ತಾರೆ. ನನ್ನ ಮೊಣಕೈಯಿಂದ ರಾಡಿ ತೊಟ್ಟಿಕ್ಕುತ್ತಲೇ ಇತ್ತು.

"ಅದಕ್ಕಲ್ರಿ ಅಪ್ಪಾ. ಡಾಕ್ಟರು ಮೊದ್ಲ ಹೇಳಿದ್ರಲ್ಲ," ಅಂದೆ. "ಆದ್ರ ನೀವು ಬಿಟ್ಟದ್ದು ಭಾಳ ಚಲೋ ಆತು. ಈ ಸಲ ನಾನ ಬಿಡಬೇಕಂತ ಮಾಡಿದ್ದೆ."

ಖರೇನಾ ಎಂದು ಇನ್ನೊಮ್ಮೆ ಕೇಳಿದರು. ಖರೇ ಎಂದೆ. ಅಪ್ಪ ಮುಖ ಮುಚ್ಚಿಕೊಂಡು ಅತ್ತರು; ಅವ್ವನನ್ನು ಒಯ್ದ ದಿನವೂ ಹಾಗೆ ಅತ್ತಿರಲಿಲ್ಲ. ಆಮೇಲೆ ಎದ್ದು ಮುಖ ತೊಳೆದುಕೊಂಡು, ಹಸಿವಾಗಿದೆ ಎಂದರು. ನೈವೇದ್ಯಕ್ಕೆಂದು ಅವರೇ ಅಂಗಡಿಯಿಂದ ತಂದಿದ್ದ ಹೋಳಿಗೆ ಬಡಿಸಿದೆ, ಎರಡನೆಯದನ್ನು ಕೇಳಿ ಹಾಕಿಸಿಕೊಂಡರು. ಎದುರಿಗೆ ಕೂತು ನಾನೂ ಉಂಡೆ. ಅವರ ಮುಂದೆ ಅಳುವಂತಿರಲಿಲ್ಲ. ನಾನೇ ಬಿಡಬೇಕೆಂದಿದ್ದೆ ಎಂದು ಹೇಳಿಬಿಟ್ಟಿದ್ದೆನಲ್ಲ.